ಸ್ನೈಡರ್ ಕಾರ್ಬೈನ್

ಎನ್‌ಫೀಲ್ಡ್ ಕೋವಿಯ ನಳಿಗೆಯ ಹಿಂಭಾಗವನ್ನು ಕತ್ತರಿಸಿ, ಅಮೆರಿಕದ ಜೇಕಬ್ ಸ್ನೈಡರನ ಕ್ರಮದಂತೆ ಬಲಮಗ್ಗುಲಿಗೆ ತೆರೆದುಕೊಳ್ಳುವ ಲೋಹದ ಮುಚ್ಚಳವನ್ನು ಅಳವಡಿಸಿ, 1866ರಲ್ಲಿ ಬ್ರಿಟಿಷ್ ಸೇನೆಯು ಅಂಗೀಕರಿಸಿದ ಹಿಂದುಂಬು ಕೋವಿಯ ಗಿಡ್ಡರೂಪ. ಇದರ ತೋಟಾ ಕರ್ನಲ್ ಬಾಕ್ಸರನ ಕಲ್ಪನೆ: ತೆಳು ಹಿತ್ತಾಳೆಯ ತಗಡನ್ನು ಸುರುಳಿಯಾಗಿ ಸುತ್ತಿ, ಬುಡಕ್ಕೆ ಕಬ್ಬಿಣದ ಬಿಲ್ಲೆಯನ್ನೂ ಸಿಡಿಗುಂಡಿಯನ್ನೂ ಕೂಡಿಸಿ, ಸುಮಾರು 70 ಗ್ರೇನ್ ಕರಿಮದ್ದಿನ ಮೇಲೆ 0.577 ಅಂಗುಲ ಒಳವ್ಯಾಸದ ಕೋವಿಗೆ ತಕ್ಕ ಸೀಸದ ಗುಂಡನ್ನು ಕೂರಿಸುತ್ತಿದ್ದರು. ಹಾರಿಸಿದ ತರುವಾಯ ಮುಚ್ಚಳವನ್ನು ತೆರೆದು ಹಿಂದಕ್ಕೆಳೆದರೆ ಬರಿದಾದ ಕೋಶವು ಸರಿದು ಬರುವುದು. ಆದರೆ ಅದು ಬೀಳಬೇಕಾದರೆ ಕೋವಿಯನ್ನೇ ಮಗುಚಬೇಕು. 1857ರ ಸಿಪಾಯಿಗಳ ಕ್ಷೋಭೆಗೆ ನಿಮಿತ್ತವಾದ, ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯುವ ಪದ್ಧತಿಗೆ ಈ ಕೋವಿಯಲ್ಲಿ ಆಸ್ಪದವೇ ಇರಲಿಲ್ಲ. ಮುಂಬಯಿಯಿಂದ ಹೊರಟ ಬ್ರಿಟಿಷ್ ದಂಡನಾಯಕ ನೇಪಿಯರನ ಅಬಿಸೀನಿಯ ದಂಡಯಾತ್ರೆಯಲ್ಲಿ, 1868ರ ಏಪ್ರಿಲ್ 10ರಂದು ಅರೋಗಿಯಲ್ಲಿ ನಡೆದ ಕಾಳಗದಲ್ಲಿ, ಬ್ರಿಟಿಷ್ ಕಾಲಾಳುಗಳ ಕೈಯಲ್ಲಿ ಸ್ನೈಡರ್ ಕೋವಿಗಳಿದ್ದವು. ದೇಶೀಯ ಸಿಪಾಯಿಗಳಿಗೆ ಹಳೆಯ ಮುಂದುಂಬುಗಳನ್ನೇ ಕೊಟ್ಟಿದ್ದರು.