ಸರ್ಪಗಂಧ ಮತ್ತು ಆಫ್ರಿಕಾದ ಅದರ ದಾಯಾದಿ

ಕೊಪ್ಪ, ಶೃಂಗೇರಿ, ಎನ್.ಆರ್.ಪುರದ ಕಡೆಯವರಿಗೆ ಸರ್ಪಗಂಧ ಹೊಸ ಹೆಸರೇನಲ್ಲ. ಕಾಡಿನ ನೆರಳಲ್ಲಿ ಬೆಳೆಯೋ ಮೊಣಕಾಲೆತ್ತರದ ಗಿಡ, ಕೆಂಪು ತೊಟ್ಟಿನ ಮೇಲೆ ಬಿಳಿ ಹೂವಿನ ಗೊಂಚಲು. ಮದ್ದು ಇರೋದು ಮಾತ್ರ ಬೇರಲ್ಲಿ. ಬಾಯಿಗಿಟ್ಟರೆ ಕಹಿ. ಹಾವು ಕಡಿದರೆ, ನಿದ್ದೆ ಬಾರದಿದ್ದರೆ, ಬುದ್ಧಿ ಸ್ಥಿಮಿತ ತಪ್ಪಿದರೆ ನಮ್ಮ ದೇಶದ ನಾಟಿ ವೈದ್ಯರು ಕೊಡ್ತಿದ್ದದ್ದು ಇದನ್ನೇ. ಬಿಹಾರದಲ್ಲಂತೂ ಇದರ ಹೆಸರೇ 'ಹುಚ್ಚಿನ ಮದ್ದು'.

1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್, ಕಾರ್ತಿಕ್ ಚಂದ್ರ ಬೋಸ್ ಇದರ ಬಗ್ಗೆ ಬರೆದರು: ಬಿಪಿ ಇಳಿಸುತ್ತೆ, ಮನಸ್ಸನ್ನ ಶಾಂತ ಮಾಡುತ್ತೆ. 1949ರಲ್ಲಿ ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ತಮ್ಮ ಬಿಪಿ ರೋಗಿಗಳ ಮೇಲಿನ ಪ್ರಯೋಗವನ್ನ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದ ಮೇಲೆ ಹೊರಗಿನವರೂ ಕಿವಿಗೊಟ್ಟರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿತು. ಎರಡೇ ವರ್ಷದಲ್ಲಿ ಅಮೆರಿಕದ ನೇಥನ್ ಕ್ಲೈನ್ ಮಾನಸಿಕ ರೋಗಿಗಳಿಗೆ ಅದನ್ನ ಕೊಟ್ಟು ಫಲಿತಾಂಶ ಬರೆದರು.

ಇಲ್ಲಿಂದ ನನ್ನಂಥ ಬಿಕಾಂನವರ ಏರಿಯಾ. ಡಿಮ್ಯಾಂಡ್ ಏರಿತು, ಆದರೆ ಬೇರು ಕಿತ್ತರೆ ಗಿಡವೇ ಹೋಯ್ತು! 1950ರ ದಶಕದ ಮಧ್ಯದಲ್ಲಿ ಭಾರತ ಬೇರಿನ ರಫ್ತಿಗೆ ತಡೆ ಹಾಕಿತು. ಕಂಪನಿಗಳು ಸುಮ್ಮನಿರ್ತಾವಾ? ಆಫ್ರಿಕಾಕ್ಕೆ ಹೋದವು. ಅಲ್ಲಿದೆ ಇದರ ದಾಯಾದಿ, ರೌವೊಲ್ಫಿಯಾ ವೊಮಿಟೋರಿಯಾ. ಗಿಡವಲ್ಲ, ಸಣ್ಣ ಮರ. ಅದರಲ್ಲೂ ರಿಸರ್ಪಿನ್ ಧಾರಾಳ.

ನನಗೆ ಮೈ ಜುಮ್ಮೆಂದದ್ದು ಇಲ್ಲಿ. ನೈಜೀರಿಯಾದ ಯೊರುಬಾ ವೈದ್ಯರು ಆ ಮರವನ್ನ 'ಅಸೊಫೆಯೆಜೆ' ಅಂತಾರೆ, ಬುದ್ಧಿಭ್ರಮಣೆಗೇ ಕೊಡ್ತಾರೆ. ಮನೋವೈದ್ಯ ರೇಮಂಡ್ ಪ್ರಿನ್ಸ್ 1960ರಲ್ಲಿ ಇದನ್ನ ದಾಖಲಿಸಿದ್ದಾರೆ. ಸಮುದ್ರದ ಆಚೆ ಈಚೆ, ಒಂದೇ ಕುಲದ ಬೇರು, ಒಂದೇ ಕಾಯಿಲೆ.

ಹಾಗಾದ್ರೆ ಕೆಲಸ ಮಾಡುತ್ತಾ? ಬಿಪಿಗೆ ಮಾಡುತ್ತೆ. ನರಗಳ ತುದಿಯಲ್ಲಿ ಕೂಡಿಟ್ಟ ರಾಸಾಯನಿಕಗಳನ್ನ ರಿಸರ್ಪಿನ್ ಖಾಲಿ ಮಾಡುತ್ತೆ, ರಕ್ತನಾಳ ಸಡಿಲಾಗುತ್ತೆ. ಅದೇ ಕಾರಣಕ್ಕೆ ಮೂಗು ಕಟ್ಟೋದು, ಮಂಪರು, ಡೋಸ್ ಜಾಸ್ತಿಯಾದರೆ ಮನಸ್ಸು ಕುಗ್ಗೋದು. ಮಾನಸಿಕ ಕಾಯಿಲೆಗೆ ಇದಕ್ಕಿಂತ ಒಳ್ಳೆ ಮಾತ್ರೆಗಳು ಬಂದು ಇದು ಹಿಂದೆ ಸರಿಯಿತು. ಬೇರಿನ ಪುಡೀಲಿ ಡೋಸ್ ಎಷ್ಟು ಅಂತ ಗೊತ್ತಾಗಲ್ಲ, ಬಿಪಿ ಮಾತ್ರೆ ಜೊತೆ ತಗೊಂಡರೆ ಬಿಪಿ ಅತಿಯಾಗಿ ಕುಸಿಯಬಹುದು.

ಇನ್ನು ಹಾವಿನ ವಿಷಯ. ಹೆಸರಲ್ಲೇ ಸರ್ಪ ಇದ್ದರೂ ಈ ಬೇರನ್ನ ವಿಷ ಇಳಿಸೋ ಮದ್ದು ಅಂತ ನಂಬೋ ಹಾಗಿಲ್ಲ. ವಿಷವಿಲ್ಲದ ಹಾವು ಕಡಿದವನು ಬೇರು ತಿಂದು ಮಲಗಿ ಎದ್ದರೆ ಬೇರಿಗೆ ಹೆಸರು ಬರುತ್ತೆ. ನಾಗರಹಾವು ಕಡಿದವನಿಗೆ ಬೇಕಿರೋದು ಆಂಟಿವೆನಮ್. ತೋಟದಲ್ಲಿ ಯಾರಿಗಾದರೂ ಕಚ್ಚಿದರೆ ಬೇರು ಹುಡುಕ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ.