ಸ್ಪೀಡ್ ಗನ್‌ಗೆ ಮನೆಯಲ್ಲೇ ಮಾಡಿದ ಜ್ಯಾಮರ್: ನಿಜಕ್ಕೂ ಕೆಲಸ ಮಾಡುತ್ತಾ? ಇಲ್ಲಿದೆ ಮಾಹಿತಿ

ಹೈವೇಯಲ್ಲಿ ಪೊಲೀಸರ ಸ್ಪೀಡ್ ಗನ್ ತಪ್ಪಿಸೋಕೆ ಕನ್ನಡಿಗೆ ಸಿ.ಡಿ. ತೂಗುಹಾಕೋದು, ವೀಲ್ ಕಪ್ ಒಳಗೆ ಅಲ್ಯೂಮಿನಿಯಂ ಫಾಯಿಲ್ ತುಂಬೋದು, ಸೆನ್ಸರ್ ಬೋರ್ಡ್ ತರಿಸಿ ‘ಜ್ಯಾಮರ್’ ಕಟ್ಟೋದು... ಹೀಗೆ ಹಲವು ಉಪಾಯಗಳು ಸವಾರರ ಬಾಯಲ್ಲಿವೆ. ಆದರೆ ಇವುಗಳಿಂದ ದಂಡ ತಪ್ಪಲ್ಲ. ಬದಲಿಗೆ ಇನ್ನೊಂದು ಕೇಸ್ ಮೈಮೇಲೆ ಬರಬಹುದು.

ರಾಡಾರ್ ಗನ್ ಹೇಗೆ ಕೆಲಸ ಮಾಡುತ್ತೆ?
ಗನ್ ಬಿಟ್ಟ ರೇಡಿಯೋ ಅಲೆ ಗಾಡಿಗೆ ಬಡಿದು ವಾಪಸ್ ಬರುತ್ತೆ. ಗಾಡಿ ಎದುರಿಗೆ ಬರ್ತಿದ್ರೆ ಅಲೆಯ ಕಂಪನ ಸ್ವಲ್ಪ ಹೆಚ್ಚಾಗುತ್ತೆ. ಇದಕ್ಕೆ ಡಾಪ್ಲರ್ ಪರಿಣಾಮ ಅಂತಾರೆ. 24.15 ಗಿಗಾಹರ್ಟ್ಸ್ ಗನ್ ಮುಂದೆ 80 ಕಿ.ಮೀ. ವೇಗದಲ್ಲಿ ಬಂದರೆ ಸುಮಾರು 3,600 ಹರ್ಟ್ಸ್ ವ್ಯತ್ಯಾಸ ಕಾಣುತ್ತೆ. ಅದರಿಂದಲೇ ವೇಗದ ಲೆಕ್ಕ.

ಉಪಾಯ ಯಾಕೆ ನಡೆಯಲ್ಲ?
ಸಿ.ಡಿ., ಫಾಯಿಲ್ ಇದ್ದರೂ ಗಾಡಿಯ ಬಾಡಿಯಿಂದ ಅಲೆ ವಾಪಸ್ ಹೋಗೇ ಹೋಗುತ್ತೆ. ಅಗ್ಗದ ಸೆನ್ಸರ್ ಬೋರ್ಡ್‌ಗಳಲ್ಲಿ ಹಲವು 10.525 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. 24 ಗಿಗಾಹರ್ಟ್ಸ್ ಗನ್‌ಗೆ ಅದರಿಂದ ಏನೂ ಆಗಲ್ಲ. ಲೇಸರ್ ಗನ್ ಆದರೆ ರೇಡಿಯೋ ಅಲೆಯನ್ನೇ ಬಳಸಲ್ಲ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಗಾಡಿಯ ದೂರ ಕ್ಷಣಕ್ಷಣಕ್ಕೂ ಎಷ್ಟು ಕಮ್ಮಿ ಆಯ್ತು ಅಂತ ಅಳೆಯುತ್ತೆ.

ಕಾನೂನು ಏನು ಹೇಳುತ್ತೆ?
ಪರವಾನಗಿ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳೋದು 1933ರ ಕಾಯ್ದೆ ಕಾಲದಿಂದಲೂ ಅಪರಾಧ. ಜ್ಯಾಮರ್‌ಗೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಅಮೆರಿಕದಲ್ಲೂ ರಾಡಾರ್ ಜ್ಯಾಮರ್ ಮಾರುವಂತಿಲ್ಲ, ಬಳಸುವಂತಿಲ್ಲ. ಹಾಗಾಗಿ ಮೊಬೈಲ್, ಎಲೆಕ್ಟ್ರಾನಿಕ್ಸ್ ಅಂಗಡಿಯವರು ಗಿರಾಕಿ ಕೇಳಿದ್ರು ಅಂತ ಇಂಥದ್ದನ್ನು ತರಿಸಿಕೊಡೋಕೆ ಹೋಗಬಾರದು.

ದಂಡ ಎಷ್ಟು?
ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್ ಪ್ರಕಾರ ಅತಿವೇಗಕ್ಕೆ ಕಾರಿನಂಥ ಲಘು ವಾಹನಗಳಿಗೆ 1,000ರಿಂದ 2,000 ರೂ., ಲಾರಿ, ಬಸ್‌ಗಳಿಗೆ 2,000ರಿಂದ 4,000 ರೂ. ದಂಡವಿದೆ. ಎರಡನೇ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ಜಪ್ತಿಯಾಗುತ್ತೆ. ಗೂಡ್ಸ್ ಗಾಡಿ ಓಡಿಸಿ ಮನೆ ನಡೆಸೋರಿಗೆ ದಂಡಕ್ಕಿಂತ ಇದೇ ದೊಡ್ಡ ಹೊಡೆತ.

80 ಕಿ.ಮೀ. ವೇಗದ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತೆ. ಊರೊಳಗೆ ಹಾದುಹೋಗೋ ರಸ್ತೆಯಲ್ಲಿ ಯಾರಾದ್ರೂ ಅಡ್ಡ ಬಂದರೆ, ಬ್ರೇಕ್ ಮೇಲೆ ಕಾಲಿಡೋ ಹೊತ್ತಿಗೇ ಅಷ್ಟು ದೂರ ಮುಗಿದಿರುತ್ತೆ.