ಕಾಗದನಗರಕ್ಕೆ ಬಂದ ಕಾಗದ

ಭದ್ರಾವತಿಯ ಬಡಾವಣೆಗಳ ಹೆಸರು ಕೇಳಿದರೆ ಸಾಕು, ಊರಿನ ಚರಿತ್ರೆ ಅರ್ಧ ತಿಳಿದಂತೆ. ಜನ್ನಾಪುರದಂಥ ಹಳೆಯ ಹೆಸರುಗಳ ಜೊತೆಗೆ ನ್ಯೂಟೌನ್ ಇದೆ, ಕಾಗದನಗರವೂ ಇದೆ. ಬೆಳಿಗ್ಗೆ ಪತ್ರಿಕೆಯಾಗಿ ಬಂದು ಸಂಜೆಗೆ ಕಡಲೆಕಾಯಿಯ ಪೊಟ್ಟಣವಾಗುವ ಈ ಅಗ್ಗದ ವಸ್ತು ಒಂದು ಬಡಾವಣೆಗೇ ಹೆಸರು ಕೊಟ್ಟಿತು.

ಮಲೆನಾಡಿನವರು ಬರೆಯಲು ಕಾಗದಕ್ಕಾಗಿ ಕಾದು ಕುಳಿತಿರಲಿಲ್ಲ. ಓಲೆಗರಿಯಿತ್ತು; ಲೆಕ್ಕಪತ್ರಕ್ಕೆ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ಬಟ್ಟೆ ಹೋದರೂ ಹೆಸರು ಹೋಗಲಿಲ್ಲ. ಸರ್ಕಾರಿ ಕಚೇರಿಯ ಕಾಗದದ ಕಟ್ಟು ಇಂದಿಗೂ ಕಡತವೇ.

ಕಾಗದದ ಕೀರ್ತಿ ಸಾಮಾನ್ಯವಾಗಿ ಚೀನಾದ ಅರಮನೆಯ ಅಧಿಕಾರಿ ತ್ಸಾಯ್ ಲುನ್‌ಗೆ ಸಲ್ಲುತ್ತದೆ. ಕ್ರಿ.ಶ. 105ರಲ್ಲಿ ಆತ ಮರದ ತೊಗಟೆ, ಸೆಣಬು, ಚಿಂದಿ ಬಟ್ಟೆ, ಹಳೆಯ ಮೀನುಬಲೆಗಳಿಂದ ಕಾಗದ ಮಾಡುವ ವಿಧಾನವನ್ನು ಚಕ್ರವರ್ತಿಗೆ ಒಪ್ಪಿಸಿದ. ಅದಕ್ಕೂ ಹಿಂದಿನ ಕಾಗದದ ಚೂರುಗಳು ಅಗೆತಗಳಲ್ಲಿ ಸಿಕ್ಕಿರುವುದರಿಂದ ಆತನನ್ನು ಸುಧಾರಕನೆನ್ನುವುದೇ ಸರಿ. ಮುಂದೆ ಅರಮನೆಯ ಒಳಜಗಳದಲ್ಲಿ ಸಿಲುಕಿ 121ರಲ್ಲಿ ವಿಷ ಕುಡಿದು ಸತ್ತ. ಕಾಗದದ ಕಥೆಯಲ್ಲಿ ದುರಂತ ಅಲ್ಲಿಂದಲೇ ಶುರು.

ಆಮೇಲೆ ಸುಮಾರು 1700 ವರ್ಷ ಕಾಗದ ಕೈಯಲ್ಲೇ ಆಗುತ್ತಿತ್ತು. ಚಿಂದಿಯನ್ನು ಕುಟ್ಟಿ ಗಂಜಿಯಾಗಿಸಿ, ತೊಟ್ಟಿಯ ನೀರಿನಲ್ಲಿ ಕದಡಿ, ಜರಡಿಯಲ್ಲಿ ಎತ್ತಿ, ಒಂದೊಂದೇ ಹಾಳೆ. ಫ್ರಾನ್ಸಿನ ಎಸ್ಸೋನ್ ಎಂಬಲ್ಲಿನ ಕಾಗದದ ಗಿರಣಿಯಲ್ಲಿದ್ದ ನಿಕೋಲಾ ಲೂಯಿ ರಾಬರ್ಟ್‌ಗೆ ಕೆಲಸಗಾರರ ತಕರಾರುಗಳಿಂದ ರೋಸಿಹೋಗಿತ್ತು. ಕಡಿಮೆ ಆಳುಗಳಿಂದ ಕೆಲಸ ಸಾಗಿಸಲು ಆತ ಜರಡಿಯನ್ನೇ ಕೊನೆಯಿಲ್ಲದ ಪಟ್ಟಿಯಾಗಿಸಿ ತಿರುಗಿಸಿದ. 1799ರಲ್ಲಿ ಪೇಟೆಂಟ್ ಸಿಕ್ಕಿತು, ಹಣ ಮಾತ್ರ ಸರಿಯಾಗಿ ಕೈಸೇರಲಿಲ್ಲ. ಶಾಲಾ ಮೇಷ್ಟ್ರಾಗಿ 1828ರಲ್ಲಿ ಬಡತನದಲ್ಲೇ ತೀರಿಕೊಂಡ.

ಯಂತ್ರವನ್ನು ಲಂಡನ್ನಿನ ಕಾಗದದ ವ್ಯಾಪಾರಿಗಳಾದ ಫೋರ್ಡ್ರಿನಿಯರ್ ಸೋದರರು ಕೈಗೆತ್ತಿಕೊಂಡರು. ಬ್ರಯನ್ ಡಾಂಕಿನ್ ಎಂಬ ಎಂಜಿನಿಯರ್ ಅದನ್ನು ಪಳಗಿಸಿದ. ಸುಮಾರು 60,000 ಪೌಂಡ್ ಸುರಿದ ಸೋದರರು 1810ರಲ್ಲಿ ದಿವಾಳಿಯಾದರು. ಇಂದಿಗೂ ಆ ಬಗೆಯ ಯಂತ್ರಕ್ಕೆ ಅವರದೇ ಹೆಸರು, ರಾಬರ್ಟ್‌ನದಲ್ಲ!

ಯಂತ್ರ ಬಂದಮೇಲೆ ಚಿಂದಿಗೆ ಬರ ಬಂತು. ಪರಿಹಾರ ಹೊಳೆದದ್ದು ಸ್ಯಾಕ್ಸನಿಯ ಫ್ರೀಡ್ರಿಕ್ ಗಾಟ್ಲೋಬ್ ಕೆಲ್ಲರ್ ಎಂಬ ನೇಕಾರನಿಗೆ. ಹುಡುಗರು ಚೆರ್ರಿ ಬೀಜಗಳನ್ನು ಹಲಗೆಗೆ ಸಿಕ್ಕಿಸಿ ಸಾಣೆಕಲ್ಲಿಗೆ ಉಜ್ಜಿ ಮಣಿ ಮಾಡುತ್ತಿದ್ದರು. ಹಲಗೆಯೂ ಸವೆದು ನೀರಿನಲ್ಲಿ ಬೀಳುತ್ತಿದ್ದ ಮರದ ನಾರು ಒಣಗಿದಾಗ ಕಾಗದದಂತೆ ಹಾಳೆಯಾಗುತ್ತಿತ್ತು. ಆ ನೆನಪಿನಿಂದ 1843ರ ಹೊತ್ತಿಗೆ ಮರವನ್ನು ಅರೆದು ತಿರುಳು ತೆಗೆದ. ಹೆಚ್ಚುಕಡಿಮೆ ಅದೇ ಕಾಲಕ್ಕೆ ಕೆನಡಾದ ಚಾರ್ಲ್ಸ್ ಫೆನರ್ಟಿಯೂ ಅದನ್ನೇ ಸಾಧಿಸಿದ್ದ. ಕೆಲ್ಲರ್ ಬಳಿ ಬಂಡವಾಳವಿರಲಿಲ್ಲ. ಹಕ್ಕನ್ನು ಮಾರಿದ, ಲಾಭ ಕೊಂಡವನಿಗಾಯಿತು.

ನಮ್ಮ ಕಾಡಿನಲ್ಲಿ ಧಾರಾಳವಾಗಿದ್ದದ್ದು ಬಿದಿರು. ಅದರಿಂದ ಕಾಗದವಾದೀತೆಂದು ಇಂಗ್ಲೆಂಡಿನ ಥಾಮಸ್ ರೂಟ್ಲೆಜ್ 1875ರಲ್ಲೇ ಬರೆದಿದ್ದ. ಆದರೆ ಗಂಟು ಜಗ್ಗದು, ಪಿಷ್ಟ ಬಿಡದು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ವಿಲಿಯಂ ರೈಟ್ ಇದಕ್ಕೆ ಉಪಾಯ ಕಂಡ. ಬಿದಿರನ್ನು ಜಜ್ಜಿ, ಮೊದಲು ತೆಳು ಕ್ಷಾರದಲ್ಲಿ ಬೇಯಿಸಿ ಪಿಷ್ಟ ತೆಗೆದು, ಮತ್ತೆ ಗಟ್ಟಿ ಕ್ಷಾರದಲ್ಲಿ ಬೇಯಿಸುವುದು. ನಮ್ಮ ಹೆಂಗಸರು ಕಳಲೆಯನ್ನು ನೀರು ಬದಲಿಸುತ್ತ ನೆನೆಸಿ ಕಹಿ ತೆಗೆಯುವ ಜಾಣ್ಮೆಯೂ ಇಂಥದ್ದೇ. 1925ರ ಕಾಯ್ದೆ ಬಿದಿರಿನ ಕಾಗದಕ್ಕೆ ವಿದೇಶಿ ಪೈಪೋಟಿಯಿಂದ ರಕ್ಷಣೆ ಕೊಟ್ಟಿತು.

ಈ ನೆಲೆಯ ಮೇಲೆ 1936ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಭದ್ರಾ ನದಿಯ ನೀರಿತ್ತು, ಹತ್ತಿರವೇ ಕಾಡಿತ್ತು. 1923ರಿಂದ ಕಬ್ಬಿಣ ಕರಗಿಸುತ್ತಿದ್ದ ಊರಿಗೆ ಕಾರ್ಖಾನೆಯ ಶಿಸ್ತೂ ಹೊಸದಾಗಿರಲಿಲ್ಲ. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. 1981ರಲ್ಲಿ ಪತ್ರಿಕಾ ಕಾಗದದ ತಯಾರಿಕೆ ಆರಂಭವಾಯಿತು.

ಕಾಗದದ ಬೆಲೆಯನ್ನು ಕಾಡೂ ತೆತ್ತಿದೆ. ಬಿದಿರು ಸಿಗುತ್ತಿಲ್ಲವೆಂಬ ಮೇದರ ದೂರಿನಿಂದಾಗಿ 1970ರ ದಶಕದಲ್ಲಿ ಮಾಧವ ಗಾಡ್ಗೀಳ್ ರಾಜ್ಯದ ಬಿದಿರು ಕಾಡುಗಳನ್ನು ಅಧ್ಯಯನ ಮಾಡಿದರು. ಕಡಿಯುವವರು ಮೆಳೆಯ ಬುಡದ ಮುಳ್ಳನ್ನು ಸವರಿಹಾಕುತ್ತಿದ್ದರು. ಬೇಲಿಯಿಲ್ಲದ ಎಳೆ ಕಳಲೆ ದನಗಳ ಪಾಲಾಗುತ್ತಿತ್ತು. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ತೆರುವ ಬೆಲೆಗೂ ಕಾಗದದ ಗಿರಣಿಗಳಿಗೆ ಸರ್ಕಾರ ಹಾಕುತ್ತಿದ್ದ ದರಕ್ಕೂ ಹೋಲಿಕೆಯೇ ಇರಲಿಲ್ಲ. ಬಿದಿರು ಕಡಿಮೆಯಾದಂತೆ ನೀಲಗಿರಿ, ಅಕೇಶಿಯಾ ತೋಪುಗಳು ಎದ್ದವು. ಭದ್ರಾವತಿಯ ಕಾರ್ಖಾನೆಗೆಂದು 1980ರಲ್ಲಿ ಮಲೆನಾಡಿನ ಸಾವಿರಾರು ಹೆಕ್ಟೇರ್ ಅರಣ್ಯಭೂಮಿ 40 ವರ್ಷದ ಗುತ್ತಿಗೆಗೆ ಹೋಯಿತು.

ಕಾರ್ಖಾನೆ ಗುತ್ತಿಗೆಯ ಅವಧಿಯಷ್ಟೂ ನಡೆಯಲಿಲ್ಲ. 2015ರಲ್ಲಿ ಉತ್ಪಾದನೆ ನಿಂತಿತು, ಕಾರ್ಮಿಕರು ಮನೆ ಸೇರಿದರು. 2020ರಲ್ಲಿ ಗುತ್ತಿಗೆ ಮುಗಿದು ಸರ್ಕಾರ ಅದನ್ನು ಮುಂದುವರಿಸಲು ಹೊರಟಾಗ, ನಮ್ಮೂರಿಗೆ ಅಕೇಶಿಯಾ ಬೇಡವೆಂದು ಮಲೆನಾಡಿನವರೇ ಎದ್ದು ನಿಂತರು.